ನುಂಗುವ ಗಳಿಗೆಯಲ್ಲಿ ಶರೀರವ್ಯಾಪಾರ

ಕಂಪಲಾಪುರದ ಸೀಮೆಯಲ್ಲಿ ರಾಗಿಮುದ್ದೆಯನ್ನು ಅಗಿಯದೆ ನುಂಗುವುದೇ ವಾಡಿಕೆ. ಆ ಗಳಿಗೆಯಲ್ಲಿ ಶರೀರವು ಮಾಡುವ ಕಾರ್ಯವನ್ನು ನಾವು ಗಮನಿಸುವುದು ಅಪರೂಪ. ಗಂಟಲಲ್ಲಿ ಅನ್ನಮಾರ್ಗವೂ ಶ್ವಾಸಮಾರ್ಗವೂ ಸಂಧಿಸುವುವು. ಆದಕಾರಣ ತುತ್ತು ಇಳಿಯುವಾಗ ಧ್ವನಿಪೆಟ್ಟಿಗೆಯು ಮೇಲಕ್ಕೇರಿ, ಶ್ವಾಸನಾಳದ ಬಾಯಿ ಮುಚ್ಚಿ, ಉಸಿರು ಸುಮಾರು 1 ಸೆಕೆಂಡು ನಿಲ್ಲುವುದು. ಬಳಿಕ ಸಾಮಾನ್ಯವಾಗಿ ಉಸಿರನ್ನು ಹೊರಕ್ಕೆ ಬಿಡುವೆವು.

ಇದನ್ನು ಅಳೆಯಲು ಉಪಾಯಗಳುಂಟು. ಮೂಗಿನ ಬಳಿಯಿಟ್ಟ ಸಣ್ಣ ಕೊಳವೆಯು ಉಸಿರು ನಿಂತ ಅವಧಿಯನ್ನು ತಿಳಿಸುವುದು. ಗದ್ದದ ಕೆಳಗೆ ಅಂಟಿಸಿದ ವಿದ್ಯುದ್ವಾರಗಳು ಸ್ನಾಯುಗಳ ಶ್ರಮವನ್ನು ತೋರಿಸುವುವು. ಕೊರಳ ಮೇಲಿಟ್ಟ ಸ್ಟೆತಾಸ್ಕೋಪಿನಿಂದ ನುಂಗುವ ಸದ್ದು ಕೇಳುವುದು.

ಆರೋಗ್ಯವಂತರನ್ನು ಏತಕ್ಕೆ ಅಳೆಯಬೇಕು? ಸ್ವಸ್ಥರ ಅಳತೆ ತಿಳಿದಲ್ಲದೆ ರೋಗಿಯ ಕುಂದು ಗೊತ್ತಾಗದು. ಪಾರ್ಶ್ವವಾಯು ಬಡಿದವರಲ್ಲಿ ಅನ್ನನೀರು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಉಂಟಾಗಬಹುದು. ಕೆಲವರಿಗೆ ಎಚ್ಚರಿಸುವ ಕೆಮ್ಮೂ ಬಾರದು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನುಂಗುವ ತೊಂದರೆಗಳಿಗೆ ಪರೀಕ್ಷೆಯೂ ಚಿಕಿತ್ಸೆಯೂ ಉಂಟು.

ಮನೆಯ ಹಿರಿಯರು ಉಣ್ಣುವಾಗ ಪದೇ ಪದೇ ಕೆಮ್ಮಿದರೆ, ಉಂಡ ಮೇಲೆ ಅವರ ಧ್ವನಿ ಗೊರಗೊರ ಎಂದರೆ, ವಯೋಧರ್ಮವೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸತಕ್ಕದ್ದು. ತುತ್ತು ಚಿಕ್ಕದಾಗಿರಲಿ, ಕುಳಿತು, ಮಾತು ಬಿಟ್ಟು, ನಿಧಾನವಾಗಿ ಉಣ್ಣಲಿ.