ಒರಟು ಮೈಯ ಲೆಕ್ಕ

ಮೈ ನುಣುಪಾಗಿ ಸವೆದ ಬೀಸುವ ಕಲ್ಲನ್ನು ಎಷ್ಟು ತಿರುಗಿಸಿದರೂ ಹಿಟ್ಟು ಬಾರದೆಂಬುದನ್ನು ನಮ್ಮ ಹಿರಿಯ ಗೃಹಿಣಿಯರು ಚೆನ್ನಾಗಿ ಬಲ್ಲರು. ಕಲ್ಲೂ ಅದೇ, ಜೋಳವೂ ಅದೇ. ಕಲ್ಲುಕುಟಿಗನಿಂದ ಉಳಿ ಹಾಕಿಸಿ ಮೈಯನ್ನು ಒರಟುಗೊಳಿಸಿದೊಡನೆ ಅದು ಮತ್ತೆ ಕೆಲಸಕ್ಕೆ ಬರುವುದು. ವಸ್ತುಗಳ ಮೈಮೇಲಿನ ಉಬ್ಬುತಗ್ಗುಗಳಿಗೆ ಇಷ್ಟು ಮಹತ್ತ್ವವುಂಟು. ಅವನ್ನು ಗಣಕಯಂತ್ರದ ಲೆಕ್ಕದೊಳಗೆ ತರುವುದಾದರೋ ಸುಲಭವಲ್ಲ.

ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲ್ಲೂಕಿನ ಹಲವಾಗಲು ತುಂಗಭದ್ರೆಯ ತೀರದ ಊರು. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಇಂತಹ ಊರಿನವರು ಕೇಳುವ ಪ್ರಶ್ನೆ ಒಂದೇ: ನೀರು ಎಲ್ಲಿಯವರೆಗೆ ಏರುವುದು? ಮೇಲಿನಿಂದ ಎಷ್ಟು ನೀರು ಬರುತ್ತಿದೆಯೆಂದು ತಿಳಿದ ಮಾತ್ರಕ್ಕೆ ಇದಕ್ಕೆ ಉತ್ತರ ದೊರೆಯದು. ಹೊಳೆಯ ಪಾತ್ರದ ಬಂಡೆ, ಮರಳು, ಜೊಂಡು, ದಡದ ಪೊದೆ ಇವೆಲ್ಲವೂ ನೀರಿನ ವೇಗವನ್ನು ತಗ್ಗಿಸುವುವು. ವೇಗ ತಗ್ಗಿದಷ್ಟೂ ಮಟ್ಟ ಏರುವುದು.

ಈ ತಡೆಯನ್ನು ಅಂಕಿಯಲ್ಲಿ ಹೇಳಲು ಬಳಸುವ ಒಂದು ಪ್ರಸಿದ್ಧ ಸೂತ್ರವನ್ನು ಐರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮ್ಯಾನಿಂಗ್ 1889ರಲ್ಲಿ ಮಂಡಿಸಿದನು. ಅದರ ಪ್ರಕಾರ ನುಣುಪಾದ ಕಾಂಕ್ರೀಟಿಗೆ ಸುಮಾರು 0.013, ಚೊಕ್ಕಟವಾದ ಮಣ್ಣಿನ ಕಾಲುವೆಗೆ ಸುಮಾರು 0.022, ಕಳೆ ಬೆಳೆದ ಕಾಲುವೆಗೆ 0.035 ಅಥವಾ ಅದಕ್ಕೂ ಹೆಚ್ಚಿನ ಅಂಕಿಯನ್ನು ಹಿಡಿಯುವರು. ಇಳಿಜಾರೂ ಆಳವೂ ಬದಲಾಗದೆ ಈ ಅಂಕಿ ಮಾತ್ರ 0.02ರಿಂದ 0.03ಕ್ಕೆ ಏರಿತೆನ್ನೋಣ; ಮೊದಲು ಮೂರು ಪಾಲು ಹರಿಯುತ್ತಿದ್ದ ನೀರು ಈಗ ಎರಡೇ ಪಾಲು ಹರಿಯುವುದು. ಕಾಲುವೆಯ ಕೊನೆಯ ಭಾಗದ ರೈತನಿಗೆ ಈ ಸಣ್ಣ ಅಂಕಿಯೇ ಬೆಳೆಯ ಅಳಿವು ಉಳಿವಿನ ಮಾತು.

ಜರ್ಮನಿಯ ಗಟಿಂಗೆನ್ ನಗರದಲ್ಲಿ ಯೋಹಾನ್ ನಿಕುರಾಡ್ಸೆ ಎಂಬಾತನು ಕೊಳವೆಗಳ ಒಳಮೈಗೆ ಒಂದೇ ಗಾತ್ರದ ಮರಳುಕಣಗಳನ್ನು ಅಂಟಿಸಿ, ನೀರಿಗಾಗುವ ತಡೆಯನ್ನು ಅಳೆದು, 1933ರಲ್ಲಿ ಪ್ರಕಟಿಸಿದನು. ಇಂದಿಗೂ ಅನೇಕ ಲೆಕ್ಕಗಳಲ್ಲಿ ಒರಟು ಮೈಯನ್ನು ಇಂತಿಷ್ಟು ಗಾತ್ರದ ಮರಳಿಗೆ ಸಮಾನವೆಂದು ಭಾವಿಸುವ ರೂಢಿಯಿದೆ. ಆದರೆ ನಿಜವಾದ ಮೈ ಒಂದೇ ಸಮನಾದ ಮರಳಿನಂತೆ ಇರುವುದೆ?

ಇಲ್ಲಿಯೇ ಸರಾಸರಿ ನಮ್ಮನ್ನು ಮೋಸಗೊಳಿಸುವುದು. ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ನೆನೆಯಿರಿ. ಮರದ ಅಚ್ಚಿನಲ್ಲಿ ತಗ್ಗಾಗಿರುವುದು ಸಕ್ಕರೆಯ ಗಿಳಿಯಲ್ಲಿ ಉಬ್ಬಾಗಿರುವುದು. ಉಬ್ಬುತಗ್ಗುಗಳ ಸರಾಸರಿ ತೆಗೆದರೆ ಎರಡು ಮೈಗಳ ಅಂಕಿಯೂ ಒಂದೇ. ಸ್ವಭಾವ ಮಾತ್ರ ಬೇರೆ. ಯಂತ್ರದ ಭಾಗಗಳಲ್ಲಿಯೂ ಹೀಗೆಯೆ. ಮೊನೆಗಳು ಎದುರಿನ ಲೋಹವನ್ನು ಮೊದಲು ತಾಗಿ ಸವೆಯುವುವು. ಗುಳಿಗಳು ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುವುವು. ಆದುದರಿಂದ ಸೂಕ್ಷ್ಮವಾದ ಸೂಜಿಯನ್ನು ಮೈಮೇಲೆ ಎಳೆದೋ, ಬೆಳಕನ್ನು ಹಾಯಿಸಿಯೋ ಸ್ಥಳಸ್ಥಳದ ಎತ್ತರವನ್ನು ಅಳೆದು, ಆ ಪಟ್ಟಿಯನ್ನೇ ಗಣಕಯಂತ್ರಕ್ಕೆ ಒಪ್ಪಿಸುವರು.

ಗಣಕಯಂತ್ರವು ಇಡೀ ಮೈಯನ್ನು ಬಲೆಯ ಕಣ್ಣುಗಳಂತೆ ಚಿಕ್ಕ ಚಿಕ್ಕ ಭಾಗಗಳಾಗಿ ವಿಂಗಡಿಸಿ ಲೆಕ್ಕ ಹಾಕುವುದು. ಕಣ್ಣು ಕಿರಿದಾದಷ್ಟೂ ಚಿತ್ರ ನಿಜವಾಗುವುದು. ಆದರೆ ಲೆಕ್ಕದ ಹೊರೆ ಬೆಳೆದು, ಉತ್ತರ ತಡವಾಗುವುದು. ಹೊಳೆಯ ಪ್ರತಿಯೊಂದು ಮರಳುಕಣವನ್ನೂ ಬರೆಯಲು ಸಾಧ್ಯವೆ? ಅದಕ್ಕಾಗಿ ಬಲೆಯ ಕಣ್ಣಿಗಿಂತ ದೊಡ್ಡವಾದ ಬಂಡೆ, ಮಡು, ತಿರುವುಗಳನ್ನು ಇದ್ದಂತೆಯೇ ಚಿತ್ರಿಸಿ, ಅದಕ್ಕಿಂತ ಸಣ್ಣವಾದ ಮರಳು, ಹುಲ್ಲುಗಳಿಗೆ ಮ್ಯಾನಿಂಗನ ಅಂಕಿಯಂತಹುದನ್ನು ಕೊಡುವರು. ಎಂಜಿನಿಯರನ ವಿವೇಕಕ್ಕೆ ಪರೀಕ್ಷೆ ಇಲ್ಲಿಯೇ.

ನೀರಿನಡಿಯ ಆಳವನ್ನು ದೋಣಿಯಿಂದ ಶಬ್ದವನ್ನು ಕಳುಹಿಸಿ, ಅದರ ಪ್ರತಿಧ್ವನಿಯಿಂದ ಅಳೆಯಬಹುದು. ಒರಟುತನದ ಅಂಕಿಯಾದರೋ ಋತುವಿನೊಡನೆ ಬದಲಾಗುವಂತಹುದು. ಬೇಸಗೆಯಲ್ಲಿ ಬರಿದಾಗಿದ್ದ ದಡದಲ್ಲಿ ಮಳೆ ಬಿದ್ದ ಮೇಲೆ ಪೊದೆ ಚಿಗುರುವುದು. ಹಾಗಾದರೆ ಸರಿಯಾದ ಅಂಕಿ ಯಾವುದು? ಹಿಂದಿನ ಪ್ರವಾಹದಲ್ಲಿ ನೀರು ನಿಜವಾಗಿ ಎಲ್ಲಿಗೆ ಮುಟ್ಟಿತ್ತೆಂಬುದನ್ನು ವಿಚಾರಿಸಿ, ಗಣಕಯಂತ್ರದ ಉತ್ತರವು ಅದಕ್ಕೆ ಹೊಂದುವವರೆಗೆ ಅಂಕಿಯನ್ನು ತಿದ್ದುವರು. ಹೀಗೆ ಒರೆ ಹಚ್ಚದ ಲೆಕ್ಕವನ್ನು ನಂಬಿ ಮನೆಮಠಗಳ ಕ್ಷೇಮವನ್ನು ನಿರ್ಣಯಿಸಲಾಗದು.

ಈ ಕಾರ್ಯದಲ್ಲಿ ಗೃಹಸ್ಥರೂ ನೆರವಾಗಬಹುದು. ಹೊಳೆ ಊರೊಳಗೆ ಬಂದರೆ, ಅಪಾಯ ಕಳೆದ ಮೇಲೆ, ಗೋಡೆಯಲ್ಲಿ ಉಳಿದ ಕೆಸರಿನ ಗೆರೆಯನ್ನು ಒರೆಸಿಬಿಡುವ ಮುನ್ನ ಅಲ್ಲಿ ಒಂದು ಗುರುತು ಮಾಡಿ, ಪಕ್ಕದಲ್ಲಿ ತಾರೀಖನ್ನು ಬರೆದಿಡಿರಿ. ಮುಂದೊಂದು ದಿನ ಅದೇ ಗೆರೆಯು ಲೆಕ್ಕದ ತಪ್ಪನ್ನು ತಿದ್ದಿ, ಮಕ್ಕಳುಮರಿಗಳನ್ನು ವೇಳೆಗೆ ಸರಿಯಾಗಿ ಎತ್ತರದ ನೆಲಕ್ಕೆ ಸೇರಿಸೀತು.