ನಮ್ಮ ಮನೆಯ ನ್ಯೂಟ್‌ಗೆ ಊಟ ಏನು?

ಮೊನ್ನೆ ಮನೆಗೆ ಬಂದಿದ್ದ ಗೆಳೆಯರೊಬ್ಬರು ಫ್ರೀಜರ್ ತೆಗೆದು, ಕಾಯಿತುರಿಯ ಪಕ್ಕದ ಡಬ್ಬಿ ನೋಡಿ ಗಾಬರಿಯಾದರು. ಒಳಗಿದ್ದದ್ದು ಕೆಂಪು ಹುಳು! ಸಸ್ಯಾಹಾರಿಗಳ ಮನೆಯಲ್ಲಿ ಇದೇಕೆ ಎಂದು ಹಲವರು ಕೇಳಿದ್ದರಿಂದ ಈ ಬರಹ.

ಮಗಳ ಹಠಕ್ಕೆ ಎರಡು ವರ್ಷದ ಹಿಂದೆ ಇಲ್ಲಿ ಇಂಗ್ಲೆಂಡಿನಲ್ಲಿ ಒಂದು ಜಪಾನಿ ಫೈರ್ ಬೆಲ್ಲಿ ನ್ಯೂಟ್ ತಂದೆವು. ಬೆನ್ನು ಕಪ್ಪು, ಹೊಟ್ಟೆ ಕುಂಕುಮ ಕೆಂಪು. ನೋಡಲು ಹಲ್ಲಿ, ಆದರೆ ಕಪ್ಪೆಯ ನೆಂಟ. ನಮ್ಮ ಪಶ್ಚಿಮ ಘಟ್ಟದಲ್ಲಿ ನ್ಯೂಟ್ ಇಲ್ಲ; ಭಾರತದಲ್ಲಿ ಅದು ಡಾರ್ಜಿಲಿಂಗ್ ಮತ್ತು ಈಶಾನ್ಯದ ಬೆಟ್ಟಗಳ ಪ್ರಾಣಿ. ಹಾಗಾಗಿ ಊರಿನ ಅನುಭವ ಕೆಲಸಕ್ಕೆ ಬರಲಿಲ್ಲ. ಮೀನಿನ ಫ್ಲೇಕ್ಸ್ ಹಾಕಿದೆ, ಮುಟ್ಟಲಿಲ್ಲ. ಅದು ಕೊಳೆತು ನೀರಿನಲ್ಲಿ ಅಮೋನಿಯಾ ಏರಿತು. ನ್ಯೂಟ್ ಸೊರಗಿತು, ಮಗಳು ನನ್ನೊಡನೆ ಮಾತು ಬಿಟ್ಟಳು.

ಕೊನೆಗೆ 'ಡೀಬಗ್' ಮಾಡಲು ಕೂತೆ. ನ್ಯೂಟ್ ಅಪ್ಪಟ ಮಾಂಸಾಹಾರಿ. ಅಲುಗಾಡುವುದನ್ನು ಕಂಡು, ವಾಸನೆ ಹಿಡಿದು ತಿನ್ನುತ್ತದೆ. ನಾನು ಕಲಿತದ್ದು ಇಷ್ಟು:

1. ಎರೆಹುಳು: ಎಲ್ಲಕ್ಕಿಂತ ಉತ್ತಮ. ಪ್ರೋಟೀನ್ ಜೊತೆಗೆ ಕ್ಯಾಲ್ಸಿಯಂ ಕೂಡ ಇದೆ. ಕೀಟನಾಶಕ ಹಾಕದ ಮಣ್ಣಿನದಾಗಿರಲಿ. ತೊಳೆದು, ಸಣ್ಣಗೆ ಕತ್ತರಿಸಿ ಕೊಡಿ. ಕಾಂಪೋಸ್ಟಿನ ಕೆಂಪು ಪಟ್ಟೆಹುಳು ಬೇಡ. ಅದು ಕಹಿ ದ್ರವ ಬಿಡುವುದರಿಂದ ಎಷ್ಟೋ ನ್ಯೂಟ್‌ಗಳು ಉಗುಳಿಬಿಡುತ್ತವೆ.

2. ಬ್ಲಡ್‌ವರ್ಮ್: ಫ್ರೀಜರಿನ ಡಬ್ಬಿಯಲ್ಲಿದ್ದದ್ದು ಇದೇ. ಕರಗಿಸಿ ಕೊಡಿ. ಇಷ್ಟಪಟ್ಟು ತಿನ್ನುತ್ತದೆ, ಆದರೆ ಇದೊಂದೇ ಸಾಲದು.

3. ಡಾಫ್ನಿಯಾ, ಬ್ರೈನ್ ಶ್ರಿಂಪ್: ಮರಿಗಳಿಗೆ ಒಳ್ಳೆಯದು. ದೊಡ್ಡವಕ್ಕೆ ನಾವು ಉಪ್ಪಿನಕಾಯಿ ನೆಂಚಿಕೊಂಡಂತೆ.

4. ಬೇಡವೇ ಬೇಡ: ಗೋಲ್ಡ್‌ಫಿಶ್ (ಅದರಲ್ಲಿರುವ ಥಯಾಮಿನೇಸ್ ವಿಟಮಿನ್ ಬಿ1 ಅನ್ನು ನಾಶಮಾಡುತ್ತದೆ), ಗಟ್ಟಿ ಚಿಪ್ಪಿನ ಮೀಲ್‌ವರ್ಮ್, ಕೋಳಿ ಮಾಂಸ.

ಬೆಳೆದ ನ್ಯೂಟ್‌ಗೆ ವಾರಕ್ಕೆ 2-3 ಊಟ ಸಾಕು. ಉಳಿದದ್ದನ್ನು ಅಂದೇ ತೆಗೆಯಿರಿ. ನೀರು 20 ಡಿಗ್ರಿ ಸೆಲ್ಸಿಯಸ್ ಒಳಗೇ ಇರಲಿ. ಬೆಚ್ಚಗಾದರೆ ಹಸಿವೂ ಕುಗ್ಗೀತು. ಇದರ ಚರ್ಮದಲ್ಲಿ ಟೆಟ್ರೊಡೊಟಾಕ್ಸಿನ್ ಎಂಬ ವಿಷವಿದೆ, ಮುಟ್ಟಿದರೆ ಕೈ ತೊಳೆಯುವುದನ್ನು ಮರೆಯಬೇಡಿ. ಇಲ್ಲಿನ ಕೊಳಗಳ ಗ್ರೇಟ್ ಕ್ರೆಸ್ಟೆಡ್ ನ್ಯೂಟ್ ಅನ್ನು ಮಾತ್ರ ಹಿಡಿದು ತರಬೇಡಿ, ಅದು ಕಾನೂನುಬಾಹಿರ.

ಮೊದಲ ಸಲ ಎರೆಹುಳು ಕತ್ತರಿಸಿದಾಗ ನನ್ನ ಕೈ ನಡುಗಿತ್ತು. ಚಿಮಟದ ತುದಿಯಲ್ಲಿದ್ದ ತುಂಡನ್ನು ನ್ಯೂಟ್ ಗಬಕ್ಕನೆ ಕಚ್ಚಿತು. "ಅಪ್ಪಾ, ತಿಂತು!" ಎಂದಳು ಮಗಳು. ಸಾಕುತ್ತೇವೆ ಎಂದ ಮೇಲೆ ಅದರ ಊಟ ಅದರ ಧರ್ಮದ್ದು, ನಮ್ಮದಲ್ಲ.

ಅಂದಹಾಗೆ, ಹುಳುವಿನ ಡಬ್ಬಿಗೆ ಈಗ ದೊಡ್ಡ ಅಕ್ಷರದ ಲೇಬಲ್ ಅಂಟಿಸಿದ್ದೇವೆ. ಧೈರ್ಯವಾಗಿ ಊಟಕ್ಕೆ ಬನ್ನಿ!