ಕಯಾಕ್ ದೋಣಿಯಲ್ಲಿ ಮೀನುಬೇಟೆ

ಗ್ರೀನ್‌ಲ್ಯಾಂಡ್, ಉತ್ತರ ಕೆನಡಾ ಮೊದಲಾದ ಹಿಮಪ್ರದೇಶಗಳಲ್ಲಿ ಇನೂಯಿಟ್ ಎಂಬ ಜನರು ವಾಸಿಸುತ್ತಾರೆ. ಮರಗಳು ವಿರಳವಾದ ಆ ನಾಡಿನಲ್ಲಿ ಅವರ ಪೂರ್ವಿಕರು, ಕಡಲು ದಡಕ್ಕೆ ತಂದೊಡ್ಡಿದ ಮರದ ತುಂಡುಗಳಿಂದಲೂ ಎಲುಬುಗಳಿಂದಲೂ ಚೌಕಟ್ಟನ್ನು ಕಟ್ಟಿ, ಸೀಲ್ ಎಂಬ ಕಡಲಪ್ರಾಣಿಯ ಚರ್ಮವನ್ನು ಅದಕ್ಕೆ ಬಿಗಿದು ಹೊಲಿದು, ಒಬ್ಬನೇ ಕುಳಿತು ಬೇಟೆಯಾಡತಕ್ಕ ನೀಳವಾದ ದೋಣಿಯನ್ನು ನಿರ್ಮಿಸಿದರು. ಇದೇ ಕಯಾಕ್. ಬಿದಿರಿನ ಹೆಣಿಗೆಗೆ ತೊಗಲು ಹೊದಿಸಿ ಮಾಡುತ್ತಿದ್ದ ನಮ್ಮ ತುಂಗಭದ್ರೆಯ ಹರಿಗೋಲನ್ನು ಬಲ್ಲವರಿಗೆ ಈ ಯುಕ್ತಿಯು ಹೊಸದಾಗಿ ತೋರದು.

ಈಗಿನ ಮೀನುಬೇಟೆಯ ಕಯಾಕ್ ಪ್ಲಾಸ್ಟಿಕ್ಕಿನದು. ಸಾಮಾನ್ಯವಾಗಿ 10ರಿಂದ 13 ಅಡಿ ಉದ್ದವಿರುವುದು. ಬೇಟೆಗಾರನು ಅದರ ಒಳಗೆ ಕಾಲು ಚಾಚದೆ ಮೇಲ್ಭಾಗದಲ್ಲಿಯೇ ಕುಳಿತುಕೊಳ್ಳುತ್ತಾನೆ. ಮೇಲೆ ಬಿದ್ದ ನೀರು ರಂಧ್ರಗಳ ಮೂಲಕ ಕೆಳಗೆ ಹರಿದುಹೋಗುತ್ತದೆ. ಎಣ್ಣೆಯ ವೆಚ್ಚವಿಲ್ಲ, ಯಂತ್ರದ ಸದ್ದಿಲ್ಲ. ಆದುದರಿಂದಲೇ ಅಮೆರಿಕ, ಆಸ್ಟ್ರೇಲಿಯಾ ಮೊದಲಾದ ದೇಶಗಳಲ್ಲಿ ಈ ವಿನೋದವು ಬಹಳ ಹರಡಿದೆ. ಅಲ್ಲಿ ನೆಲಸಿರುವ ನಮ್ಮ ತರುಣರಿಗೂ ಇದರಲ್ಲಿ ಆಸೆ ಹುಟ್ಟುವುದು ಸಹಜವೇ.

ಆಸೆಯುಳ್ಳವನು ಮೊದಲು ಅಂಗಡಿಯಲ್ಲಿ ಗಾಳದ ಕೋಲನ್ನು ವಿಚಾರಿಸುವನು. ಇದು ತಲೆಕೆಳಗಾದ ಕ್ರಮ. ಮೊದಲು ಕಲಿಯತಕ್ಕದ್ದು ಮೀನು ಹಿಡಿಯುವುದನ್ನಲ್ಲ, ನೀರಿಗೆ ಬಿದ್ದು ಮತ್ತೆ ದೋಣಿಯನ್ನೇರುವುದನ್ನು. ದಡದ ಸಮೀಪದಲ್ಲಿ, ಬಲ್ಲವರೊಬ್ಬರು ಜೊತೆಯಲ್ಲಿರುವಾಗ, ಬೇಕೆಂದೇ ದೋಣಿಯನ್ನು ಮಗುಚಬೇಕು. ಬಳಿಕ ಆಚೆಯ ಅಂಚನ್ನು ಹಿಡಿದೆಳೆದು ಅದನ್ನು ನೆಟ್ಟಗೆ ತಿರುಗಿಸಬೇಕು. ಕಾಲುಗಳಿಂದ ನೀರನ್ನು ಬಡಿಯುತ್ತ ಹೊಟ್ಟೆಯ ಮೇಲೆ ಅಡ್ಡಲಾಗಿ ದೋಣಿಗೆ ಏರಿ, ಮೆಲ್ಲನೆ ಹೊರಳಿ ಕುಳಿತುಕೊಳ್ಳಬೇಕು. ಆಯಾಸವಿಲ್ಲದೆ ಇದನ್ನು ಮತ್ತೆ ಮತ್ತೆ ಮಾಡಬಲ್ಲವನಿಗೆ ಮಾತ್ರ ಆಳದ ನೀರಿಗೆ ಹೋಗುವ ಅಧಿಕಾರವುಂಟು.

ಎರಡನೆಯದು ಲೈಫ್ ಜಾಕೆಟ್. ಈಜು ಬಲ್ಲವರು ಇದನ್ನು ದೋಣಿಯ ಹಿಂಬದಿಯಲ್ಲಿ ಕಟ್ಟಿಡುವುದುಂಟು. ಅದು ಸಲ್ಲದು, ಬಿದ್ದ ಮೇಲೆ ತೊಡಲು ಅವಕಾಶವೆಲ್ಲಿ? ತಣ್ಣೀರಿನ ದೇಶಗಳಲ್ಲಿ ಇದು ಪ್ರಾಣದ ಪ್ರಶ್ನೆಯೇ ಸರಿ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಗಾರ್ಡನ್ ಗೀಸ್‌ಬ್ರೆಕ್ಟರು ಇದನ್ನು ಒಂದು, ಹತ್ತು, ಒಂದು ಎಂಬ ಸೂತ್ರದಲ್ಲಿ ಹೇಳಿದ್ದಾರೆ. ಬಹು ತಣ್ಣಗಿನ ನೀರಿಗೆ ಬಿದ್ದವನಿಗೆ ಮೊದಲ 1 ನಿಮಿಷ ಉಸಿರು ಹತೋಟಿ ತಪ್ಪುವುದು. ಸುಮಾರು 10 ನಿಮಿಷ ಮಾತ್ರ ಕೈಕಾಲುಗಳು ಹೇಳಿದಂತೆ ಕೇಳುವುವು. ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ ಹಿಡಿಯುವುದು. ಈಜುವ ಕೈಯೇ ಸೋತ ಮೇಲೆ ತಲೆಯನ್ನು ಮೇಲೆತ್ತಿ ಹಿಡಿಯತಕ್ಕದ್ದು ಜಾಕೆಟ್ಟೊಂದೇ. ಅಲ್ಲದೆ ಉಡುಪನ್ನು ಬಿಸಿಲು ನೋಡಿ ತೊಡದೆ ನೀರಿನ ತಂಪನ್ನು ನೋಡಿ ತೊಡಬೇಕು.

ಮೂರನೆಯದು ಗಾಳಿ. ನೆಲದಿಂದ ಕಡಲ ಕಡೆಗೆ ಬೀಸುವ ಗಾಳಿಯು ಬಹು ಮೋಸದ್ದು. ದಡದ ಮರೆಯಲ್ಲಿ ನೀರು ಕನ್ನಡಿಯಂತೆ ಶಾಂತವಾಗಿ ಕಾಣುವುದು. ದೂರ ಹೋದಂತೆ ಅದೇ ಗಾಳಿ ಹಗುರವಾದ ದೋಣಿಯನ್ನು ಆಚೆಗೆ ತಳ್ಳುವುದು. ಅಂತಹ ದಿನ ಹೊಸಬನು ಕಡಲಿಗಿಳಿಯಲಾಗದು. ಸಣ್ಣ ಕೆರೆಯೇ ಮೊದಲ ಪಾಠಶಾಲೆಯಾಗಲಿ. ಅಲ್ಲಿಯೂ ಮೊದಲು ಗಾಳಿಗೆದುರಾಗಿ ಹುಟ್ಟು ಹಾಕಿದರೆ, ದಣಿದು ಮರಳುವಾಗ ಗಾಳಿಯು ಬೆನ್ನಿಗಿರುವುದು.

ಇಷ್ಟಾದ ಮೇಲೆ ಗಾಳದ ವಿಚಾರ. ಒಂದು ಕೋಲು, ಒಂದು ಚಿಕ್ಕ ಪೆಟ್ಟಿಗೆ, ಬಲೆಯ ಚೀಲ, ದಾರ ಕತ್ತರಿಸುವ ಚಾಕು, ಒಂದು ಸೀಟಿ, ಇಷ್ಟೇ ಸಾಕು. ಮೀನು ಸಿಕ್ಕಿದಾಗ ಅದರತ್ತ ಬಾಗಬಾರದು. ತಲೆಯು ದೋಣಿಯ ಅಂಚನ್ನು ದಾಟಿದರೆ ದೋಣಿ ಮಗುಚುವ ಭಯವುಂಟು. ಹರಿಯುವ ನೀರಿನಲ್ಲಿ ದೋಣಿಯ ಪಕ್ಕಕ್ಕೆ ಲಂಗರು ಕಟ್ಟಲೇಬಾರದು. ಪ್ರವಾಹವು ಅಡ್ಡಲಾಗಿ ಬಡಿದು ದೋಣಿಯನ್ನು ಉರುಳಿಸುವುದು. ಹೊಸಬನಿಗೆ ಹೊಳೆಯಲ್ಲಿ ಲಂಗರೇ ಬೇಡ. ಆಯಾ ನೀರಿನಲ್ಲಿ ಮೀನು ಹಿಡಿಯಲು ಅನುಮತಿ ಬೇಕೇ ಎಂಬುದನ್ನೂ ಮುಂಚೆಯೇ ತಿಳಿದುಕೊಳ್ಳತಕ್ಕದ್ದು.

ಕೊನೆಯ ಮಾತು ಮನೆಯವರಿಗೆ ಸಂಬಂಧಿಸಿದ್ದು. ಹೊರಡುವವನು ಯಾವ ನೀರಿಗೆ ಹೋಗುವೆನು, ಎಷ್ಟು ಹೊತ್ತಿಗೆ ಮರಳುವೆನು ಎಂಬುದನ್ನು ಬರೆದಿಟ್ಟು ಹೋಗಬೇಕು. ಹೊತ್ತು ಮೀರಿದರೆ ಮನೆಯವರು ಸಂಕೋಚಪಡದೆ ಸಹಾಯವನ್ನು ಕರೆಯಬೇಕು. ಮೀನು ತಾರದೆ ಬಂದವನಿಗೂ ಮನೆಯಲ್ಲಿ ಊಟ ಕಾದಿರುತ್ತದೆ; ಅವನು ಬಂದರೆ ಸಾಕು.